ಕರದದ್ದು ಕರದಲ್ಲಿ

ನನ್ನ ಹಲ್ಲುಗಳು ಊರಿನ ಆಸ್ತಿ. ಅವನ್ನು ನನ್ನ ಬಾಯಲ್ಲಿ ಇಟ್ಟಿರುವುದು ಬರೀ ಅನುಕೂಲಕ್ಕೆ ಎಂದು ನನ್ನ ಸೋದರಮಾವ ವಿರೂಪಣ್ಣ ಹೇಳುತ್ತಿರುತ್ತಾನೆ. ಮಾವ ಊರಿನ ಜಾಗಗಾರ. ಕರಿದ ತಿಂಡಿ ಹೊಸದಾಗಿ ಯಾವುದು ಬಂದರೂ ಅದನ್ನು ತಿನ್ನುವ ಜಾಗ ಹುಡುಕಿಕೊಡುವುದು ಅವನ ಕೆಲಸ. ಅವನು ತೋರಿಸಿದಲ್ಲಿ ನಿಂತು ಕಚ್ಚಿ ನೋಡುವುದು ನನ್ನ ಕೆಲಸ. ಇದಕ್ಕಾಗಿ ನಾನು ಅಡಿಕೆ ಮುಟ್ಟುವುದಿಲ್ಲ, ಕಬ್ಬು ಸಿಗಿಯುವುದಿಲ್ಲ, ಜಗಳ ಬಿಡಿಸಲು ಹೋದರೆ ಮುಖವನ್ನು ಹಿಂದಿಟ್ಟು ಕೈಯನ್ನಷ್ಟೇ ಮುಂದೆ ಚಾಚುತ್ತೇನೆ. ಊರವರು ನನ್ನನ್ನು ಹಲ್ಲಪ್ಪ ಎನ್ನುತ್ತಾರೆ.

ಇಟ್ಟ ಹೆಸರು ಮುದುಕಪ್ಪ. ಅದು ಅಜ್ಜನ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಸುಲಭ, ಕರೆಯುವುದು ಕಷ್ಟ. ಅವ್ವ ತನ್ನ ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ; ಯಾರಾದರೂ ಎದುರಿಗೆ ಆ ಹೆಸರೆತ್ತಿದರೂ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಹಾಗಾಗಿ ನಾನು ಅವಳಿಗೆ ‘ಏ ಇವನ’ ಆದೆ, ಸಿಟ್ಟು ಬಂದಾಗ ‘ನಿನಗ ಅಂದದ್ದು’ ಆದೆ. ಹೆತ್ತಪ್ಪನ ಹೆಸರು ಹಿಡಿದು ಮಗನನ್ನು ಬೈಯಲು ಅಪ್ಪನಿಗೆ ಮನಸ್ಸಾಗಲಿಲ್ಲ. ಶಾಲೆಯಲ್ಲಿ ಮಾಸ್ತರರು ಹಾಜರಿ ಹಾಕುವಾಗ ಮುದುಕಪ್ಪ ಎಂದರೆ ಇಡೀ ವರ್ಗ ನಗುತ್ತಿತ್ತು. ಅವರು ನನ್ನ ಸರದಿ ಬಂದಾಗ ಕಣ್ಣೆತ್ತಿ ನೋಡಿ, ಗೀಟು ಎಳೆದು ಮುಂದಕ್ಕೆ ಹೋಗುತ್ತಿದ್ದರು. ಹೀಗೆ ನನ್ನ ಹೆಸರು ಮದುವೆಗೆಂದು ಕೊಂಡು ಪೆಟ್ಟಿಗೆಯಲ್ಲೇ ಉಳಿದ ಚಪ್ಪಲಿಯ ಹಾಗೆ ಹೊಚ್ಚ ಹೊಸದಾಗಿತ್ತು. ಅದರಲ್ಲಿ ನಾನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ನಮ್ಮೂರಿಗೆ ಬಂದವರು ಮೊದಲ ದಿನ ಮೋಸ ಹೋಗುತ್ತಾರೆ. ಪೇಟೆಯ ತುದಿಯ ಒಲೆಸಾಲಿನಲ್ಲಿ, ಬಸಲಿಂಗವ್ವನ ಬಾಣಲೆಯಿಂದ ಆಗತಾನೇ ಎದ್ದ ಮೆಣಸಿನಕಾಯಿ ಬಜ್ಜಿಯನ್ನು ಕೊಂಡು ಅಲ್ಲೇ ನಿಂತು ಬಾಯಿಗಿಡುತ್ತಾರೆ. ನೋಡಲು ಹೊಂಬಣ್ಣ, ಮೈತುಂಬ ಸಣ್ಣ ಗುಳ್ಳೆ, ಉಗುರಿನಿಂದ ತಟ್ಟಿದರೆ ಟಕಟಕ ಅನ್ನುತ್ತದೆ. ಹಲ್ಲು ಊರಿದರೆ ಮಾತ್ರ ಒದ್ದೆ ಅಂಗಿಯ ತೋಳನ್ನು ಜಗಿದ ಹಾಗೆ. ಅವರು ಬಸಲಿಂಗವ್ವನ ಮುಖ ನೋಡುತ್ತಾರೆ. ಅವಳು ಹಿಟ್ಟು ಮೆತ್ತಿದ ಕೈಯನ್ನು ಶಾಲೆಯ ಕಡೆಗೆ ತೋರಿಸುತ್ತಾಳೆ. ಶಾಲೆಯ ಹಿಂದಿನ ಮೆಟ್ಟಿಲ ಮೇಲೆ, ಒಳಗೆ ಮಾಸ್ತರರು ಒಬ್ಬೊಬ್ಬರನ್ನೇ ಕರೆದು ‘ಹಾಜರ್ರೀ ಸರ್’ ಅನ್ನಿಸಿಕೊಳ್ಳುವ ಸದ್ದಿನ ನಡುವೆ ಕೂತು ಅದೇ ಬಜ್ಜಿಯನ್ನು ಕಚ್ಚಿದರೆ, ಮೊದಲು ಹೊರಗಿನ ಹಿಟ್ಟು ಒಣ ಎಲೆಯಂತೆ ಮುರಿಯುತ್ತದೆ, ಆಮೇಲೆ ಒಳಗಿನಿಂದ ಬಿಸಿ ಉಗಿ ಬಂದು ಮೂಗಿಗೆ ಹೊಡೆಯುತ್ತದೆ, ಖಾರ ಎಲ್ಲರಿಗಿಂತ ಕೊನೆಗೆ, ಯಜಮಾನನ ಗತ್ತಿನಲ್ಲಿ ಬರುತ್ತದೆ. ಇನ್ನೊಂದು ತಂದು ಪಕ್ಕದ ಬಾವಿಯ ಕಟ್ಟೆಯಲ್ಲಿ ಕೂತು ತಿಂದರೆ ಮತ್ತೆ ಅಂಗಿಯ ತೋಳು.

ಹೀಗೆ ಒಂದೊಂದಕ್ಕೆ ಒಂದೊಂದು ಜಾಗ. ಕೋಡಬಳೆ ಕೋರ್ಟಿನ ಪಡಸಾಲೆಯಲ್ಲಿ ಮಾತ್ರ ಗರಿಗರಿ. ಅಲ್ಲಿ ಜವಾನ ದಸ್ತಗೀರಸಾಬ ಬಾಗಿಲಿಗೆ ಬಂದು ವಾದಿ ಪ್ರತಿವಾದಿಗಳನ್ನು ಗಂಟಲು ಹರಿಯುವಂತೆ ಕೂಗುವಾಗ ಬೆಂಚಿನ ಮೇಲೆ ಸಾಲಾಗಿ ಕೂತು ಕಟುಂ ಎನ್ನಿಸುವವರಲ್ಲಿ ಕೇಸಿರುವವರು ಕಡಿಮೆ. ಎರಡು ಮನೆತನದವರು ಒಂದು ಬೇಲಿಯ ವಿಷಯದಲ್ಲಿ ತಲೆತಲಾಂತರದಿಂದ ರಾಜಿಗೆ ಒಪ್ಪದಿರುವುದು ಕೋಡಬಳೆಯ ಆಸೆಗೇ ಎಂದು ಜನ ಆಡಿಕೊಳ್ಳುತ್ತಾರೆ. ಉಳ್ಳಾಗಡ್ಡಿ ಬಜ್ಜಿಗೆ, ಕಾಳನ್ನು ಹರಾಜು ಕೂಗುವ ಸವಾಲಿನ ಅಂಗಳ. ಅದನ್ನು ತಿನ್ನುತ್ತಾ ಮೈಮರೆತು ಕೈಯೆತ್ತಿದ ಒಬ್ಬ ಹಜಾಮರ ಮುದುಕನಿಗೆ ಒಂದು ಗಾಡಿ ಕಡಲೆ ಗಂಟುಬಿದ್ದದ್ದು ಉಂಟು. ವಡೆಗೆ ಬಸ್ ನಿಲ್ದಾಣದ ಕಂಬದ ಬುಡ. ಕಂಡಕ್ಟರ್ ಊರುಗಳ ಹೆಸರು ಒದರುತ್ತಿದ್ದರೂ ಬಾಯಲ್ಲಿ ವಡೆ ಇರುವ ತನಕ ಯಾರೂ ಹತ್ತುವುದಿಲ್ಲವೆಂದು ಅವನಿಗೂ ಗೊತ್ತು. ಅವನ ಬಾಯಲ್ಲೂ ಒಂದಿರುತ್ತದೆ. ಶಂಕರಪೋಳಿ ತಿನ್ನಬೇಕೆಂದರೆ ದವಾಖಾನೆಗೆ ಹೋಗಿ, ಕಂಪೌಂಡರ್ ಚೀಟಿ ನೋಡಿ ರೋಗಿಗಳನ್ನು ಕರೆಯುವ ಕಿಟಕಿಯ ಕೆಳಗಿನ ಬೆಂಚಿನಲ್ಲಿ ಕೂಡಬೇಕು. ಕರ್ಚಿಕಾಯಿಗೆ ಮಾತ್ರ ಯಾವ ಮನೆಯ ಹೊಸ್ತಿಲಾದರೂ ನಡೆಯುತ್ತದೆ. ಪಂಚಮಿಯ ದಿನ, ಹೆಂಗಸರು ಅರಿಷಿಣ ಕುಂಕುಮಕ್ಕೆ ಬರ್ರೆವ್ವಾ ಎಂದು ಓಣಿಗೆಲ್ಲ ಕೇಳುವಂತೆ ಕೂಗುವ ಹೊತ್ತಿನಲ್ಲಿ, ನಮ್ಮೂರಿನವರೆಲ್ಲ ಹೊಸ್ತಿಲ ಮೇಲೆ ಕೂತಿರುತ್ತಾರೆ. ಒಳಗಿನವರು ಹೊರಗೆ, ಹೊರಗಿನವರು ಒಳಗೆ ಹೋಗಬೇಕಾದರೆ ಕರ್ಚಿಕಾಯಿ ಮುಗಿಯಬೇಕು.

ನಮಗೆ ಇದು ತೊಂದರೆ ಅನ್ನಿಸಿದ್ದಿಲ್ಲ. ತಿನ್ನುವ ಆಸೆಗೆ ನಡೆಯುತ್ತೇವೆ, ನಡೆದದ್ದಕ್ಕೆ ಹಸಿವಾಗುತ್ತದೆ. ಅಪ್ಪನ ಕಾಲು ಮುರಿದಾಗ ಅವನನ್ನು ಕುರ್ಚಿ ಸಮೇತ ಶಾಲೆಯ ಮೆಟ್ಟಿಲಿಗೆ ಹೊತ್ತುಕೊಂಡು ಹೋಗಿದ್ದೆವು. ಮಾತು ಬಿಟ್ಟ ಅಣ್ಣತಮ್ಮಂದಿರು ಸವಾಲಿನ ಅಂಗಳದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತು ಒಂದೇ ಪೊಟ್ಟಣದಿಂದ ತಿನ್ನುವುದನ್ನು ನೋಡಿದ್ದೇನೆ. ಇನ್ನೊಂದು ಮಾತು: ಜಾಗ ಸುಳ್ಳು ಹೇಳುವುದಿಲ್ಲ. ಎಣ್ಣೆ ಕಾಯುವ ಮೊದಲೇ ಬಿಟ್ಟ ಬಜ್ಜಿಯನ್ನು ಸರಿಯಾದ ಜಾಗದಲ್ಲಿ ತಿಂದರೂ ಅದು ಎಣ್ಣೆ ಕುಡಿದ ಬಜ್ಜಿಯೇ. ಒಲೆಸಾಲಿನಲ್ಲಿ ಕೆಟ್ಟದಾಗಿ ಕರಿದು ಜಾಗದ ಮೇಲೆ ಭಾರ ಹಾಕಿದವರು ಹೆಚ್ಚು ದಿನ ಉಳಿದಿಲ್ಲ.

ಒಲೆಸಾಲಿನ ತಲೆಗೆ ಒಂದು ಕಲ್ಲಿದೆ. ಊರು ಕಟ್ಟಿದವರು ಮಾತಾಡಿದ ಹಾಗೇ ಕೆತ್ತಿದ್ದಾರೆ: ಕರದದ್ದು ಕರದಲ್ಲಿ. ಹೊರಗಿನವರು ಓದಿ, ಕರಿದದ್ದನ್ನು ಕರಿದಲ್ಲೇ ತಿನ್ನಬೇಕು ಎಂದು ತಿಳಿದು ಮೋಸ ಹೋಗುತ್ತಾರೆ. ನಾವು, ಕರಿದದ್ದು ತಾನು ಕರೆದಲ್ಲಿಗೆ ನಮ್ಮನ್ನು ಬರಮಾಡಿಕೊಳ್ಳುತ್ತದೆ ಎಂದು ಓದಿಕೊಂಡಿದ್ದೆವು. ಆ ಕರೆ ಮಾವನಿಗೆ ಕೇಳಿಸುತ್ತದೆ ಎಂದು ಮಾವ ಹೇಳುತ್ತಿದ್ದ. ಅವನ ಸಾಧನ ಅವನ ಮೀಸೆ. ಗಾಳಿಯ ಒದ್ದೆ ತಿಳಿಯಲು ಅದನ್ನು ಸವರಿ, ಒಂದು ಕೂದಲನ್ನು ಮೇಲೆತ್ತಿ, ಕಣ್ಣುಮುಚ್ಚಿ, ಇಲ್ಲಿ ಅನ್ನುತ್ತಿದ್ದ. ನಾನು ಕಚ್ಚುತ್ತಿದ್ದೆ. ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಹೀಗೆ ಎಷ್ಟೋ ಸಲ ಇಲ್ಲವಾದ ಮೇಲೆ ಯಾವುದೋ ಒಂದು ಹೌದು ಆಗಿಬಿಡುತ್ತಿತ್ತು.

ಆ ವರ್ಷ ಗುಲಗುಲೆ ಕರಿಯುತ್ತಿದ್ದ ರುದ್ರವ್ವ ಮಗಳ ಊರಿಗೆ ಹೋಗಿ ನೆಲೆಸಿದ್ದರಿಂದ ಸಾಲಿನಲ್ಲಿ ಒಂದು ಒಲೆ ಖಾಲಿಬಿತ್ತು. ಖಾಲಿ ಒಲೆ ಅಮಾವಾಸ್ಯೆ ದಾಟಬಾರದು. ಸಾಲಿಗೆ ಹಿರಿಯಳು ಬಸಲಿಂಗವ್ವ. ಅವಳ ಮಾತೇ ಕೊನೆ. ಅವಳ ಅಳಿಯ ಆ ಒಲೆಯ ಮೇಲೆ ಚಹಾ ಕೆಟಲ್ ಇಡುತ್ತೇನೆಂದು ಆಗಲೇ ಅಡ್ಡಾಡುತ್ತಿದ್ದ. ಚಹಾಕ್ಕೆ ಜಾಗ ಹುಡುಕುವ ರಗಳೆಯಿಲ್ಲ, ಎಲ್ಲಿ ಕುಡಿದರೂ ಚಹಾ ಚಹಾನೇ ಎನ್ನುವುದು ಅವನ ವಾದ. ಅದನ್ನು ಅವನು ಹೆಮ್ಮೆಯಿಂದ ಹೇಳುತ್ತಿದ್ದ. ನಮಗೆ ಕೇಳಲು ಸಂಕಟವಾಗುತ್ತಿತ್ತು.

ಅಷ್ಟರಲ್ಲಿ ಕಸ್ತೂರಿ ಬಂದಳು. ನಮ್ಮ ಓಣಿಯಲ್ಲೇ ಇದ್ದ ತನ್ನ ದೊಡ್ಡವ್ವನ ಮನೆಗೆ, ಒಂದು ಟ್ರಂಕು ಮತ್ತು ಒಂದು ಕುಂಡದಲ್ಲಿ ಹಬ್ಬಿದ ದೊಡ್ಡಪತ್ರೆಯ ಗಿಡದ ಜೊತೆ. ಅವಳ ಊರಿನಲ್ಲಿ ಒಂದು ಗಿರಣಿಯ ಕ್ಯಾಂಟೀನಿನಲ್ಲಿ ಅವಳಿಗೆ ಕೆಲಸ ಕಾದಿತ್ತು: ಪೊಟ್ಟಣ ಒಡೆದು ಹಪ್ಪಳ ಕರಿಯುವುದು. ಅದಕ್ಕೆ ಹೋಗುವ ಮುನ್ನ ತನ್ನ ಕೈಯದೊಂದು ಒಲೆ ಸಿಗುತ್ತದೋ ನೋಡೋಣವೆಂದು ಬಂದಿದ್ದಳು. ಅವಳು ಕರಿಯುವುದು ದೊಡ್ಡಪತ್ರೆಯ ಎಲೆಯನ್ನು. ನಮ್ಮೂರಿನಲ್ಲಿ ಆ ಎಲೆಯನ್ನು ಹಿಂಡಿ ಮಕ್ಕಳ ಕೆಮ್ಮಿಗೆ ಕುಡಿಸುತ್ತಾರೆ. ಬಸಲಿಂಗವ್ವ ಎಲೆಯನ್ನು ಮೂಸಿ ನೋಡಿದಳು.

“ಏನವ್ವಾ, ಔಷಧಿ ಕರ್ಯಾಕ ಬಂದೀಯೇನು?”

“ಹೌದ್ರಿ ಅತ್ತಿ. ತಿಂದವರಿಗೆ ಮತ್ತ ಬ್ಯಾನಿ ಬಂದರ ಸಾಕು ಅನಸ್ತೈತಿ.”

ಬಸಲಿಂಗವ್ವ ನಗಲಿಲ್ಲ. ಆದರೆ ಅಮಾವಾಸ್ಯೆಯ ತನಕ ಒಲೆ ಹೊತ್ತಿಸಲು ಬಿಟ್ಟಳು. ಅಷ್ಟರೊಳಗೆ ಈ ಎಲೆಯ ಬಜ್ಜಿಗೆ ಜಾಗ ಸಿಕ್ಕರೆ ಒಲೆ ಇವಳದು, ಸಿಗದಿದ್ದರೆ ಕೆಟಲಿನದು. ಮಾವ ಮೀಸೆಗೆ ಎಣ್ಣೆ ಹಚ್ಚಿದ.

ಅವಳು ಕರಿಯುವುದನ್ನು ಮೊದಲ ದಿನ ಹತ್ತಿರದಿಂದ ನೋಡಿದೆ. ಕಡಲೆಹಿಟ್ಟಿಗೆ ಒಂದು ಮುಷ್ಟಿ ಅಕ್ಕಿಹಿಟ್ಟು ಬೆರೆಸಿ, ಕಾದ ಎಣ್ಣೆಯನ್ನೇ ಒಂದು ಸೌಟು ಅದಕ್ಕೆ ಹೊಯ್ದಳು. ಹಿಟ್ಟು ಚೊಂಯ್ ಎಂದು ಬೆಚ್ಚಿಬಿದ್ದು ಸುಮ್ಮನಾಯಿತು. ಆಮೇಲೆ ನೀರು, ಸ್ವಲ್ಪ ಸ್ವಲ್ಪ. ಹಿಟ್ಟು ಎಲೆಗೆ ಅಂಗಿಯಾಗಬೇಕು, ಕಂಬಳಿಯಾಗಬಾರದು ಎಂದಳು. ಎಣ್ಣೆ ಹದವಾಯಿತೋ ಎಂದು ಒಂದು ಹನಿ ಹಿಟ್ಟು ಬಿಟ್ಟಳು. ಅದು ತಳಕ್ಕಿಳಿದು, ಏನೋ ಮರೆತವರ ಹಾಗೆ ಒಂದು ಗಳಿಗೆ ನಿಂತು, ಸರಕ್ಕನೆ ಮೇಲೆ ಬಂತು. ತಳದಲ್ಲೇ ಕೂತರೆ ಎಣ್ಣೆ ತಣ್ಣಗಿದೆ, ಇಳಿಯುವ ಮೊದಲೇ ಎದ್ದರೆ ಅತಿಯಾಗಿದೆ. ಎಲೆಗಳನ್ನು ಒತ್ತೊತ್ತಾಗಿ ಬಿಡಲಿಲ್ಲ. ಗದ್ದಲ ಮಾಡುತ್ತಿದ್ದ ಗುಳ್ಳೆಗಳು ಒಂದೊಂದಾಗಿ ಮಾತು ನಿಲ್ಲಿಸಿದಾಗ, ಒಳಗಿನ ನೀರೆಲ್ಲ ಹೋಯಿತು ಎಂದು ಜಾಲರಿ ಸೌಟಿನಿಂದ ಎತ್ತಿ, ನನ್ನ ಕೈಗೆ ಸೌಟು ಕೊಟ್ಟು ಎಣ್ಣೆ ಸೋರಲು ಹಿಡಿದುಕೊಳ್ಳಲು ಹೇಳಿದಳು. ಅಂದಿನಿಂದ ಸೌಟು ಹಿಡಿಯುವುದು ನನ್ನ ಪಾಲಿಗೆ ಬಂತು.

ನನ್ನ ಹೆಸರು ಕೇಳಿದಳು. ಹಲ್ಲಪ್ಪ ಅಂತಾರ ಎಂದೆ. ಅನ್ನೋದು ಇರಲಿ, ಹೆಸರು ಏನು ಎಂದಳು. ಹೇಳಿದೆ. ಅವಳು ನಗದಿರಲು ಪಟ್ಟ ಕಷ್ಟ ಅವಳ ಮೂಗಿನಲ್ಲಿ ಕಂಡಿತು.

“ಆ ಹೆಸರು ಹಿಡದು ಕರದರ ನಿಮ್ಮ ಕಾಲಿಗೆ ಬೀಳಬೇಕು ಅನಸ್ತೈತ್ರಿ. ನಾ ‘ರೀ’ ಅಂತೀನಿ, ಸಾಕಲ್ಲ?”

ಸಾಕು ಎಂದೆ. ಪೆಟ್ಟಿಗೆಯ ಮುಚ್ಚಳವನ್ನು ಮತ್ತೊಮ್ಮೆ ಹಾಕಿದ ಹಾಗಾಯಿತು.

ಹುಡುಕಾಟ ಶುರುವಾಯಿತು. ಮಾವ ಮುಂದೆ, ಮೀಸೆ ಅವನಿಗಿಂತ ಮುಂದೆ, ಹಿಂದೆ ಎಲೆಬಜ್ಜಿಯ ಬುಟ್ಟಿ ಹಿಡಿದ ಕಸ್ತೂರಿ, ಕೊನೆಗೆ ಸೌಟು ಹಿಡಿದ ನಾನು. ಆ ಬಜ್ಜಿ ಬಲು ತೆಳು. ಗರಿಯಾಗಲು ಇಷ್ಟು ತಯಾರಾಗಿರುವ ತಿಂಡಿಯನ್ನು ನನ್ನ ಹಲ್ಲು ಕಂಡಿರಲಿಲ್ಲ. ಯಾವ ಜಾಗದಲ್ಲಿ ಕಚ್ಚಿದರೂ ಇನ್ನೇನು ಮುರಿಯಿತು ಅನ್ನಿಸಿ, ಕೊನೆಯ ಗಳಿಗೆಯಲ್ಲಿ ಮೆತ್ತಗೆ ಮಡಿಸಿಕೊಳ್ಳುತ್ತಿತ್ತು. ಕೆರೆಯ ತೂಬಿನ ಮೇಲೆ ಕಚ್ಚಿದೆ. ಸುಣ್ಣದ ಭಟ್ಟಿಯ ಹತ್ತಿರ ಕಚ್ಚಿದೆ. ಮಾವನಿಗೆ ಒಂದು ಬೇವಿನ ಮರದ ಮೇಲೆ ಸಂಶಯ ಬಂದು ನನ್ನನ್ನು ಕೊಂಬೆಗೆ ಹತ್ತಿಸಿದ. ಕೊಂಬೆ ಮುರಿಯಿತು, ಬಜ್ಜಿ ಮುರಿಯಲಿಲ್ಲ. ಊರವರು ದಿನಾ ಸಂಜೆ ಕೇಳುತ್ತಿದ್ದರು, ಇವತ್ತು ಯಾವ ಗೋಡೆ ತಿಂದು ಬಂದ್ರಿ ಅಂತ. ರುದ್ರವ್ವನ ಗುಲಗುಲೆಯ ಜಾಗ ಹೇಗೂ ಖಾಲಿಯಿದೆಯಲ್ಲ ಎಂದು, ಗೌಳಿಗರ ದೊಡ್ಡಿಯ ಮುಂದೆ, ಎಮ್ಮೆಗಳನ್ನು ಹೆಸರು ಹಿಡಿದು ಮನೆಗೆ ಕರೆಯುವ ಹೊತ್ತಿನಲ್ಲಿ ನಿಂತು ನೋಡಿದೆವು. ಅದೂ ಇಲ್ಲ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂಡುವುದು ನಮ್ಮೂರಿನಲ್ಲಿ ಮನುಷ್ಯರಿಗೆ ಸಾಧ್ಯ, ಬಜ್ಜಿಗಲ್ಲ.

ಇಷ್ಟರಲ್ಲಿ ನನಗೆ ಆ ಒಲೆ ಅವಳಿಗೇ ಸಿಗಬೇಕು ಅನ್ನಿಸತೊಡಗಿತ್ತು. ಕೆಟಲಿನ ಮೇಲಿನ ಸಿಟ್ಟು ಎಂದು ಮೊದಮೊದಲು ನಂಬಿಕೊಂಡೆ. ಆದರೆ ಮಾವ ‘ಇಲ್ಲಿ’ ಎಂದಾಗ ನಾನು ಕಚ್ಚುವುದನ್ನು ಅವಳು ಬುಟ್ಟಿಯನ್ನು ಎದೆಗೆ ಅವಚಿಕೊಂಡು, ತಾನೂ ಹಲ್ಲುಕಚ್ಚಿ ನೋಡುತ್ತಿದ್ದಳು. ಇಲ್ಲ ಎಂದು ತಲೆಯಾಡಿಸುವುದು ದಿನದಿನಕ್ಕೆ ಕಷ್ಟವಾಗುತ್ತಾ ಬಂತು. ಒಂದು ಸಲ, ಅಗಸರ ಬಂಡೆಯ ಮೇಲೆ, ಹೌದು ಅಂದುಬಿಡಲೇ ಎಂದು ಯೋಚಿಸಿದೆ. ಬಾಯಿ ತೆರೆದೆ ಕೂಡ.

“ಸುಳ್ಳು ಹೇಳಬ್ಯಾಡ್ರಿ,” ಎಂದಳು ಅವಳು ಮೆಲ್ಲಗೆ. “ನನ್ನ ಬಜಿ ನಿಮ್ಮ ಬಾಯಾಗ ಸಪ್ಪಳ ಮಾಡಲಿಲ್ಲ. ನನಗೂ ಕಿವಿ ಅದಾವ.”

ಕಲ್ಲಿನ ಮೇಲಿನ ಬರಹವನ್ನು ಅವಳು ಓದಿದ್ದು ಅಮಾವಾಸ್ಯೆಯ ಹಿಂದಿನ ದಿನ. ಬೆರಳಿನಿಂದ ಅಕ್ಷರ ಸವರುತ್ತಾ, ಕರದಲ್ಲಿ ಅಂದರೆ ಯಾರು ಕರೆದಲ್ಲಿ ಎಂದು ಮಾವನನ್ನು ಕೇಳಿದಳು. ಬಜ್ಜಿ ಕರೆಯುತ್ತದೆ ಎಂದು ಮಾವ ಮೀಸೆಯ ಮೇಲೆ ಕೈಯಿಟ್ಟು ಹೇಳಿದ.

“ಬಜಿಗೆ ಬಾಯಿ ಎಲ್ಲೈತ್ರಿ ಮಾಮಾ? ಬಾಯಿ ಇರೂದು ಮಂದಿಗೆ.”

ಮಾವ ಗಾಳಿ ನೋಡಲು ಹೋದ. ನಾನು ಆ ಮಾತನ್ನು ತಮಾಷೆಯೆಂದು ತಿಳಿದು ನಕ್ಕೆ. ತಾನೂ ತಮಾಷೆಗೇ ಹೇಳಿದ್ದು ಅಂತ ಅವಳು ಈಗ ಹೇಳುತ್ತಾಳೆ.

ಅಮಾವಾಸ್ಯೆಯ ದಿನ ಸಂತೆ ಬೇರೆ. ಬೆಳಗಿನಿಂದ ಉಳಿದ ಜಾಗಗಳನ್ನೆಲ್ಲ ಮುಗಿಸಿದೆವು. ಮಾವನ ಮೀಸೆ ಬೆವರಿಗೆ ಜೋತುಬಿದ್ದು ಎಲ್ಲ ದಿಕ್ಕನ್ನೂ ಬಿಟ್ಟು ನೆಲವನ್ನೇ ತೋರಿಸುತ್ತಿತ್ತು. ಇಳಿಹೊತ್ತಿಗೆ ಅಳಿಯ ಕೆಟಲನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಹೊಸ ಮದುಮಗನ ಹಾಗೆ ಎತ್ತಿಕೊಂಡು ಬಂದು ಒಲೆಯ ಪಕ್ಕ ನಿಂತ. ಬಸಲಿಂಗವ್ವ ಅಳಿಯನನ್ನು ನೋಡಿದಳು, ಕೆಟಲನ್ನು ನೋಡಿದಳು, ಕಸ್ತೂರಿಯನ್ನು ಮಾತ್ರ ನೋಡಲಿಲ್ಲ. ಹೊತ್ತು ಮುಳುಗಿದ ಮೇಲೆ ಒಲೆ ಬಿಡಬೇಕು ಅಂತ ತನ್ನ ಬಾಣಲೆಗೆ ಹೇಳಿದಳು.

ಕಸ್ತೂರಿ ಉಳಿದ ಹಿಟ್ಟಿಗೆ ಉಳಿದ ಎಲೆಗಳನ್ನು ಅದ್ದಿ ಕೊನೆಯ ಸಲ ಕರಿದಳು. ಅವಸರ ಮಾಡಲಿಲ್ಲ, ಗುಳ್ಳೆಗಳು ಮಾತು ನಿಲ್ಲಿಸುವ ತನಕ ಕಾದಳು. ಒಂದನ್ನು ನನ್ನ ಕೈಗಿಟ್ಟು, ಹಾದಿಗೆ ಇರಲಿ ತಗೋರಿ ಎಂದು ಟ್ರಂಕಿನ ಬೀಗ ಹುಡುಕಲು ಬಗ್ಗಿದಳು. ಹಾದಿ ಹಿಡಿಯಬೇಕಾದವಳು ಅವಳು, ಬಜ್ಜಿ ಕೊಟ್ಟದ್ದು ನನಗೆ. ಏನು ಹೇಳಬೇಕೆಂದು ಹೊಳೆಯದೆ ನಾನು ಅವಳ ಸೌಟನ್ನು ಹಿಡಿದುಕೊಂಡೇ ಸಂತೆಯೊಳಕ್ಕೆ ನಡೆದುಬಿಟ್ಟೆ. ಹೊಳೆಯದಿದ್ದಾಗ ನಡೆಯುವುದು ನಮ್ಮೂರಿನವರ ಅಭ್ಯಾಸ. ಎಲ್ಲಾದರೂ ಒಂದು ಕಡೆ ಗರಿಯಾಗುತ್ತದೆ ಎಂಬ ನಂಬಿಕೆ.

ಕುಂಬಾರರ ಗಡಿಗೆ ಸಾಲು ದಾಟಿ, ಬಳೆಗಾರರ ಗುಂಪು ದಾಟಿ, ಹಡಪದ ನಿಂಗರಾಜನ ಕಟಿಂಗ್ ಅಂಗಡಿಯ ಮುಂದೆ ಬಂದಿದ್ದೆ. ಒಳಗೆ ನಿಂಗರಾಜ ಒಬ್ಬರ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದ. ನಾನು ಬಜ್ಜಿಯನ್ನು ಬಾಯಿಗಿಟ್ಟೆ. ಕೆಲಸಕ್ಕಲ್ಲ, ಅವಳು ಕೊಟ್ಟಳೆಂದು. ತುಟಿಯ ನಡುವೆ ಅದು ಎಂದಿನಂತೆ ಮೆತ್ತಗಾಗುತ್ತಿತ್ತು.

ಹಿಂದಿನಿಂದ ‘ರೀ’ ಎಂದು ಕೂಗು ಬಂತು. ಸಂತೆಯಲ್ಲಿದ್ದ ಗಂಡಸರೆಲ್ಲ ತಮ್ಮ ತಮ್ಮ ಹೆಂಡತಿಯರ ಕಡೆ ತಿರುಗಿದರು. ನನಗೆ ಯಾರಿದ್ದಾರೆ ಎಂದು ನಾನು ತಿರುಗಲಿಲ್ಲ. ‘ಏ ಸೌಟಿನವರ’ ಎಂದು ಮತ್ತೊಂದು ಕೂಗು ಬಂತು. ಪಾತ್ರೆ ಮಾರುವವನು ಓಗೊಟ್ಟ. ಆಗ, ಗಡಿಗೆ ಸಾಲಿನ ಆಚೆಯಿಂದ, ಟ್ರಂಕಿನ ಮೇಲೆ ಹತ್ತಿ ನಿಂತಿದ್ದಳಂತೆ, ಎರಡೂ ಕೈ ಬಾಯಿಗೆ ಹಿಡಿದಿದ್ದಳಂತೆ, ಕಸ್ತೂರಿ ಇಡೀ ಸಂತೆಯ ಸದ್ದನ್ನು ಹರಿದುಕೊಂಡು ಕೂಗಿದಳು.

“ಮುದುಕಪ್ಪಾ!”

ಮೊದಲು ತಿರುಗಿದ್ದು ಊರಿನ ಮುದುಕರು. ಕಾಳು ಕೊಳ್ಳುತ್ತಿದ್ದವರು, ಕೋಲೂರಿ ನಿಂತವರು, ಕೋರ್ಟಿನಿಂದ ಕೋಡಬಳೆ ಮುಗಿಸಿ ಬರುತ್ತಿದ್ದವರು, ನಿಂಗರಾಜನ ಕುರ್ಚಿಯಲ್ಲಿ ಅರ್ಧ ಗಲ್ಲ ಬೋಳಿಸಿಕೊಂಡಿದ್ದವರು ಕೂಡ, ಯಾರ ಹೆಣ್ಣುಮಗಳು ಹಿಂಗ ಮರ್ಯಾದಿ ಬಿಟ್ಟು ಒದರಾಕತ್ತಾಳ ಅಂತ ಎದ್ದು ನೋಡಿದರು. ಇಷ್ಟು ವರ್ಷ ಮಡಿಸಿಟ್ಟಿದ್ದ ಹೆಸರು ಬಂದು ಬೆನ್ನಿಗೆ ಬಡಿದಾಗ ನಾನು ಗಕ್ಕನೆ ನಿಂತೆ. ನಿಂತ ರಭಸಕ್ಕೆ ಹಲ್ಲುಗಳು ಒಂದನ್ನೊಂದು ಕೂಡಿದವು.

ಗರಂ ಎಂದಿತು.

ಅದು ಯಾವ ಸದ್ದೆಂದು ಹೇಗೆ ಹೇಳಲಿ. ಕೋಡಬಳೆಯದು ಕಟ್ಟಿಗೆ ಮುರಿದ ಸದ್ದು, ಮೆಣಸಿನಕಾಯಿ ಬಜ್ಜಿಯದು ಒಣ ಎಲೆ ತುಳಿದ ಸದ್ದು. ಇದು ಹೊಸ ನೋಟನ್ನು ಮಡಿಸಿದ ಸದ್ದಿಗಿಂತ ತೆಳುವಾಗಿ, ಬಾಯಿತುಂಬ ಒಂದೇ ಸಲ ಹರಡಿ, ಎಣ್ಣೆಯ ಒಂದು ಹನಿಯನ್ನೂ ಹಿಂದೆ ಬಿಡದೆ ಹೋಯಿತು. ಉಳಿದದ್ದು ಎಲೆಯ ಘಮ, ಗಂಟಲಿಗೆ ಒಂಚೂರು ಬಿಸಿ. ನಾನು ಅಲ್ಲಾಡಲಿಲ್ಲ. ಕಾಲಿನ ಕೆಳಗಿನ ಜಾಗ ಓಡಿಹೋದೀತು ಎಂದು ಹೆದರಿ, ಸೌಟನ್ನು ಮೇಲೆತ್ತಿ ಬೀಸಿದೆ. ಬಾಯಿ ತುಂಬಿದ್ದರಿಂದ ಮಾತು ಬರುತ್ತಿರಲಿಲ್ಲ.

ಕಸ್ತೂರಿ ಸೌಟು ಕೇಳಲು ಜನರನ್ನು ತಳ್ಳಿಕೊಂಡು ಬಂದವಳು ನನ್ನ ಮುಖ ನೋಡಿ ಸೌಟನ್ನು ಮರೆತಳು. ತನ್ನ ಕೈಯಲ್ಲಿದ್ದ ಪೊಟ್ಟಣದಿಂದ ಒಂದನ್ನು ತೆಗೆದು ಅಲ್ಲೇ ಕಚ್ಚಿದಳು. ಆ ಸದ್ದು ನನಗೂ ಕೇಳಿತು. ನಮ್ಮ ಸುತ್ತ ಮುದುಕರ ಗುಂಪು ನೆರೆಯಿತು. ಮಾವ ಓಡಿ ಬಂದು ನೆಲ ಮೂಸಿ, ಮೀಸೆ ಸವರಿ, ನಿಂಗರಾಜನ ನೊರೆಯ ನೀರಿನಿಂದ ಇಲ್ಲಿನ ಗಾಳಿಗೆ ಒಂದು ಹದ ಬಂದಿದೆ, ಇದರ ಬಗ್ಗೆ ತನಗೆ ಮೊದಲೇ ಸಂಶಯವಿತ್ತು ಎಂದು ಎಲ್ಲರಿಗೂ ವಿವರಿಸತೊಡಗಿದ.

ಯಾರೋ ಹೋಗಿ ಬಸಲಿಂಗವ್ವನನ್ನು ಕರೆತಂದರು. ಅವಳ ಹಿಂದೆ ಕೆಟಲ್ ಹಿಡಿದ ಅಳಿಯ. ಬಸಲಿಂಗವ್ವ ಚಪ್ಪಲಿ ಬಿಟ್ಟು, ನಾನು ನಿಂತಿದ್ದ ಜಾಗದಲ್ಲಿ ನಿಂತು, ಎಲೆಬಜ್ಜಿಯನ್ನು ಬೆಳಕಿಗೆ ಹಿಡಿದು ನೋಡಿ, ಬಾಯಿಗಿಟ್ಟಳು. ಮುದುಕರು ಕಿವಿಗೆ ಕೈಯಿಟ್ಟು ಬಗ್ಗಿದರು. ಸದ್ದು ಆಯಿತು. ಅವಳು ಕಣ್ಣುಮುಚ್ಚಿ ಅಗಿದಳು. ಆಮೇಲೆ ಕೈ ಚಾಚಿದಳು.

“ಇನ್ನೊಂದು ಕೊಡವ್ವಾ. ಯಾಕೋ ಕೆಮ್ಮು ಬಂದಂಗ ಆಗೇತಿ.”

ಅಳಿಯ ಕೆಟಲನ್ನು ಕೆಳಗಿಟ್ಟು ತಾನೂ ಒಂದು ತಿಂದ. ಅವನನ್ನು ಕೆಟ್ಟವನೆಂದು ಯಾರೂ ತಿಳಿಯಬಾರದು. ಈಗ ಅವನು ನಿಂಗರಾಜನ ಅಂಗಡಿಯ ಕಟ್ಟೆಯ ಮೇಲೇ ಚಹಾ ಇಟ್ಟಿದ್ದಾನೆ, ಎಲೆಬಜ್ಜಿಗೆ ಚೆನ್ನಾಗಿ ಹೊಂದುತ್ತದೆ. ಕಷ್ಟ ನಿಂಗರಾಜನಿಗೆ. ಬಂದ ಗಿರಾಕಿಗಳೆಲ್ಲ ಬಾಯಾಡಿಸುತ್ತಾ ಕೂಡುತ್ತಾರೆ. ಗಲ್ಲ ಅಲುಗಿಸಬ್ಯಾಡ್ರಿ ಮಾರಾಯರ ಎಂದು ಅವನು ಕತ್ತಿ ಹಿಡಿದು ಬೇಡಿಕೊಳ್ಳುತ್ತಾನೆ. ಊರಿನ ಅರ್ಧ ಗಂಡಸರು ಅರ್ಧ ಮೀಸೆಯಲ್ಲಿ ತಿರುಗುತ್ತಿದ್ದಾರೆ.

ಒಲೆ ಕಸ್ತೂರಿಗೆ ಸಿಕ್ಕ ಮರುದಿನ ನಾನು ಕೋಡಬಳೆ ತಿನ್ನಲು ಕೋರ್ಟಿಗೆ ಹೋಗಿದ್ದೆ. ದಸ್ತಗೀರಸಾಬ ಬಾಗಿಲಿಗೆ ಬಂದು ಯಾರದೋ ಹೆಸರು ಹಿಡಿದು ಕೂಗಿದ. ಬಾಯಲ್ಲಿದ್ದದ್ದು ಕಟುಂ ಎಂದಿತು. ನಾನು ಅಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದೆ. ಆಮೇಲೆ ಎದ್ದು ಶಾಲೆಯ ಹಿಂದಕ್ಕೆ ಹೋಗಿ ಮಾಸ್ತರರ ದನಿ ಕೇಳಿದೆ, ನಿಲ್ದಾಣಕ್ಕೆ ಹೋಗಿ ಕಂಡಕ್ಟರನ ಬಾಯಿ ನೋಡಿದೆ, ದವಾಖಾನೆಯ ಕಿಟಕಿಯ ಕೆಳಗೆ ಸ್ವಲ್ಪ ಹೊತ್ತು ಕೂತೆ. ಬರುವಾಗ ಕಲ್ಲಿನ ಮುಂದೆ ನಿಂತು ಅದೇ ಎರಡು ಮಾತನ್ನು ಮತ್ತೆ ಓದಿದೆ. ಮಾವನಿಗೆ ಹೇಳಲಿಲ್ಲ. ಅವನ ಮೀಸೆಗೆ ಬೇರೆ ಕೆಲಸ ಬರುವುದಿಲ್ಲ.

ಕಸ್ತೂರಿಗೆ ಹೇಳಿದೆ, ಮಂದಿ ಮಂದಿಯನ್ನು ಕೂಗಿ ಕರೆದಲ್ಲೇ ಕರಿದದ್ದು ಗರಿಯಾಗುತ್ತದೆ ಎಂದು. ಅವಳು ಎಲೆ ತೊಳೆಯುತ್ತಾ ಕೇಳಿ, ಹೌದಲ್ಲ ಅಂದಳು, ಆಶ್ಚರ್ಯಪಡಲಿಲ್ಲ. ಹಾಗಾದರೆ ನಿನ್ನ ಜಾಗ ಹುಟ್ಟಿದ್ದು ನನ್ನಿಂದ ಎಂದು ನಾನು ಸ್ವಲ್ಪ ಎದೆಯುಬ್ಬಿಸಿದೆ. ಕರೆದವಳು ತಾನು, ನೀವು ಬರೀ ನಿಂತಿರಿ ಎಂದಳು.

ಮದುವೆಯ ಮಾತನ್ನು ಅವಳ ದೊಡ್ಡವ್ವನೂ ನಮ್ಮ ಅವ್ವನೂ ಹೊಸ್ತಿಲ ಮೇಲೆ ಕೂತು ಆಡಿ ಮುಗಿಸಿದರು. ಪಂಚಮಿ ಕಳೆದು ಮುಹೂರ್ತ. ಆ ಮಾತು ಆದಂದಿನಿಂದ ಕಸ್ತೂರಿ ನನ್ನನ್ನು ‘ರೀ’ ಎಂದು ಕೂಗಿ ಕರೆಯುವುದನ್ನು ಬಿಟ್ಟಿದ್ದಾಳೆ. ಒಲೆಸಾಲಿನಿಂದ, ಬಾವಿಯಿಂದ, ಓಣಿಯ ಈ ತುದಿಯಿಂದ ಆ ತುದಿಗೆ, ಕೆಲಸ ಇರಲಿ ಇಲ್ಲದಿರಲಿ, ಹೆಸರು ಹಿಡಿದೇ ಕೂಗುತ್ತಾಳೆ. ಇಷ್ಟೊಂದು ಯಾಕೆ ಎಂದು ಕೇಳಿದೆ.

“ಮದಿವ್ಯಾದ ಮ್ಯಾಲೆ ಗಂಡನ ಹೆಸರು ಹಿಡದು ಕರ್ಯಾಕ ಬರಂಗಿಲ್ಲಲ್ರಿ. ನಿಮ್ಮದು ಇಷ್ಟ ವರ್ಷದ ಬಾಕಿ ಐತಿ. ಈಗ ಕರದು ಮುಗಿಸ್ತೀನಿ.”

ಅವ್ವನಿಗೆ ಮಾತ್ರ ಕಷ್ಟ. ಕೂಗು ಕೇಳಿದಾಗಲೆಲ್ಲ ರೊಟ್ಟಿ ಬಡಿಯುವ ಕೈಯಿಂದಲೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಸೆರಗಿನ ತುಂಬ ಹಿಟ್ಟು. ಬೈಯುವುದಿಲ್ಲ. ನಿಮ್ಮಜ್ಜನ ಹೆಸರು ಇಷ್ಟು ದೊಡ್ಡದಾಗಿ ಕೇಳ್ತದ ಅಂತ ನನಗ ಗೊತ್ತಿರಲಿಲ್ಲ ಎಂದು ಒಂದು ಸಂಜೆ ನಗುತ್ತಾ ಅಂದಳು. ಅಷ್ಟರಲ್ಲಿ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಏ ಹಲ್ಲಪ್ಪಾ, ಒಲೆಸಾಲಿನಾಗ ಕಸ್ತೂರಿ ಕರ್ಯಾಕತ್ತಾಳ ನೋಡು ಎಂದರು. ಬಜ್ಜಿಯನ್ನೋ, ನನ್ನನ್ನೋ ಎಂದು ನಾನು ಕೇಳುವುದಿಲ್ಲ. ಚಪ್ಪಲಿ ಮೆಟ್ಟಿ ಹೊರಡುತ್ತೇನೆ.